ಹಚ್ಚುವ ಮೊದಲು ಒಂದು ಫೋನ್: ಕಷ್ಟದ ದಿನಗಳಲ್ಲಿ ಸಿಗರೇಟಿಗೆ ಮರಳದಿರಲು ಏನು ಮಾಡಬೇಕು

‘ಬಿಟ್ಟು ಎಂಟು ತಿಂಗಳಾಗಿತ್ತು. ಅಪ್ಪ ಆಸ್ಪತ್ರೆ ಸೇರಿದರು. ಗೇಟಿನ ಹತ್ತಿರ ಯಾರೋ ಒಂದು ಕೊಟ್ಟರು. ಈಗ ಮತ್ತೆ ದಿನಕ್ಕೆ ಹತ್ತು. ಏನು ಮಾಡಲಿ?’

ಹೀಗೆ ಕೇಳುವವರ ಊರು ಬೇರೆ ಬೇರೆ. ಒಬ್ಬರು ಸಾಗರದವರು, ಇನ್ನೊಬ್ಬರು ಹೊಸನಗರದ ಕಡೆಯವರು, ಮತ್ತೊಬ್ಬರು ಶಿವಮೊಗ್ಗ ಪೇಟೆಯಲ್ಲೇ ಅಂಗಡಿ ಇಟ್ಟವರು. ಆಸ್ಪತ್ರೆಯ ಬದಲು ಕೆಲವರಿಗೆ ಸಾಲ, ಕೆಲವರಿಗೆ ಸಾವು, ಕೆಲವರಿಗೆ ಅಡಿಕೆ ತೋಟಕ್ಕೆ ಬಂದ ಕೊಳೆರೋಗ. ಬಿಡುವುದು ಹೇಗೆ ಎಂದು ಕೇಳುವವರಿಗಿಂತ, ಬಿಟ್ಟದ್ದನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಕೇಳುವವರೇ ಜಾಸ್ತಿ. ಒಬ್ಬೊಬ್ಬರಿಗೇ ಉತ್ತರ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ನಾನು ಮೂರು ಸಲ ಬಿಟ್ಟವನು. ಎರಡು ಸಲ ಮರಳಿದ್ದೂ ಕೆಟ್ಟ ದಿನಗಳಲ್ಲೇ. ಮೂರನೇ ಸಲ ನನ್ನ ಮನಸ್ಸೇನೂ ಗಟ್ಟಿಯಾಗಿರಲಿಲ್ಲ, ಮೊದಲಿನಷ್ಟೇ ಮೆತ್ತಗಿತ್ತು. ಆದರೆ ಆ ಸಲ ನಾಲ್ಕು ಜನರ ಜೊತೆ ಮೊದಲೇ ಒಂದು ಮಾತಾಗಿತ್ತು: ಯಾರೇ ಆದರೂ ಹಚ್ಚುವ ಮೊದಲು ಫೋನ್ ಮಾಡಬೇಕು, ಹಚ್ಚಿದ ಮೇಲೆ ಅಲ್ಲ. ಈ ಲೇಖನವೆಲ್ಲ ಆ ಒಂದು ಮಾತನ್ನು ನಡೆಸಿಕೊಂಡು ಹೋಗುವುದು ಹೇಗೆ ಎಂಬುದರ ಬಗ್ಗೆ.

ಮೊದಲು ಇಷ್ಟು ತಿಳಿದಿರಲಿ

ಸಿಗರೇಟು ಟೆನ್ಶನ್ ಇಳಿಸುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಒಳಗೆ ನಡೆಯುವುದು ಬೇರೆ. ಚಟ ಹಿಡಿಸುವುದು ತಂಬಾಕಿನಲ್ಲಿರುವ ನಿಕೋಟಿನ್. ಒಂದು ದಮ್ಮು ಎಳೆದ ಸುಮಾರು 10 ಸೆಕೆಂಡಿನಲ್ಲಿ ಅದು ಮಿದುಳು ತಲುಪುತ್ತದೆ. ಸುಮಾರು 2 ಗಂಟೆಯಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಇಳಿಯುತ್ತಿದ್ದಂತೆ ಚಡಪಡಿಕೆ, ಸಿಟ್ಟು, ಕಿರಿಕಿರಿ ಶುರು. ಇನ್ನೊಂದು ಹಚ್ಚಿದರೆ ಆ ಕಿರಿಕಿರಿ ಹೋಗುತ್ತದೆ. ಸಾಲ ಇದ್ದಷ್ಟೇ ಇರುತ್ತದೆ. ಸಿಗರೇಟು ತಾನೇ ತಂದ ಕಿರಿಕಿರಿಯನ್ನು ತಾನೇ ತೆಗೆಯುತ್ತದೆ, ನಾವು ಅದನ್ನು ನೆಮ್ಮದಿ ಎಂದುಕೊಳ್ಳುತ್ತೇವೆ. ಬಿಟ್ಟ ಕೆಲವು ವಾರಗಳ ನಂತರ ಹೆಚ್ಚಿನವರ ಆತಂಕ ಮೊದಲಿಗಿಂತ ಕಡಿಮೆಯೇ ಆಗುತ್ತದೆ.

ಬಿಟ್ಟಾಗ ಮೈ ಹೂಡುವ ಜಗಳಕ್ಕೆ ಡಾಕ್ಟರರು ‘ವಿತ್‌ಡ್ರಾವಲ್’ ಎನ್ನುತ್ತಾರೆ. ನಿದ್ದೆ ಕೆಡುವುದು, ಹಸಿವು ಜಾಸ್ತಿಯಾಗುವುದು, ಮಲಬದ್ಧತೆ, ಯಾರ ಮೇಲೂ ಸಿಡುಕುವುದು, ಇವೆಲ್ಲ ಅದರಲ್ಲಿ ಸೇರಿದ್ದು. ಮೊದಲ 3 ದಿನ ಜೋರು. 2ರಿಂದ 4 ವಾರದಲ್ಲಿ ಬಹುಪಾಲು ಇಳಿಯುತ್ತದೆ. ಕೆಲವರಿಗೆ ಬಿಟ್ಟ ಮೇಲೆ ಕೆಮ್ಮು ಸ್ವಲ್ಪ ಹೆಚ್ಚುತ್ತದೆ. ಶ್ವಾಸನಾಳ ತನ್ನನ್ನು ತಾನೇ ತೊಳೆದುಕೊಳ್ಳುತ್ತಿರುವ ಲಕ್ಷಣ ಅದು. ‘ಬಿಟ್ಟಿದ್ದೇ ಆಗಿ ಬರಲಿಲ್ಲ’ ಎಂದು ಮತ್ತೆ ಹಚ್ಚಬೇಡಿ. ವಾರಗಟ್ಟಲೆ ನಿಲ್ಲದಿದ್ದರೆ, ಕಫದಲ್ಲಿ ರಕ್ತ ಕಂಡರೆ ಮಾತ್ರ ಡಾಕ್ಟರನ್ನು ನೋಡಿ.

ಎಂಟು ತಿಂಗಳ ಮೇಲೆ ಬರುವ ಆಸೆಗೂ ಮೈಯಲ್ಲಿರುವ ನಿಕೋಟಿನ್‌ಗೂ ಸಂಬಂಧವಿಲ್ಲ. ನಿಕೋಟಿನ್ ಹೋಗಿ ಕಾಲವಾಗಿರುತ್ತದೆ. ಇಪ್ಪತ್ತು ವರ್ಷ ಟೆನ್ಶನ್ ಬಂದಾಗಲೆಲ್ಲ ಜೇಬಿಗೆ ಕೈ ಹಾಕಿದ ಅಭ್ಯಾಸ ಅದು. ಇಂಥ ಆಸೆ ಕೆರಳಿಸುವ ಸಂಗತಿಗೆ ‘ಟ್ರಿಗರ್’ ಎನ್ನುತ್ತಾರೆ. ಅದು ಎಬ್ಬಿಸುವ ತುಡಿತ ಸಾಮಾನ್ಯವಾಗಿ 5 ನಿಮಿಷ, ಹೆಚ್ಚೆಂದರೆ 10 ನಿಮಿಷ ಇರುತ್ತದೆ. ಆ 10 ನಿಮಿಷ ಒಬ್ಬರೇ ಇರಬಾರದು, ಅಷ್ಟೇ.

ಬೇಕಾಗುವುದು

ಮೂರು ಜನ. ಒಂದು ಚೀಟಿ. ಒಂದು ಡಬ್ಬಿಯಲ್ಲಿ ಬಾಯಿಗೆ ಹಾಕಿಕೊಳ್ಳಲು ಏನಾದರೂ: ಏಲಕ್ಕಿ, ಲವಂಗ, ಒಣಗಿಸಿದ ನೆಲ್ಲಿಕಾಯಿ, ಯಾವುದಾದರೂ ಆದೀತು. ಬೇಕೆನಿಸಿದವರಿಗೆ ನಿಕೋಟಿನ್ ಚೂಯಿಂಗ್ ಗಮ್. ಅದರ ಬಗ್ಗೆ ಮುಂದೆ ಹೇಳುತ್ತೇನೆ.

1. ನಿಮ್ಮ ಕೆಟ್ಟ ದಿನಗಳ ಪಟ್ಟಿ ಬರೆಯಿರಿ

‘ಟೆನ್ಶನ್ ಆದಾಗ’ ಎಂದು ಬರೆದರೆ ಉಪಯೋಗವಿಲ್ಲ. ಯಾವ ತಿಂಗಳು, ಯಾವ ಹೊತ್ತು, ಯಾವ ಜಾಗ ಎಂದು ಬರೆಯಿರಿ. ನಮ್ಮ ಕಡೆ ಅರ್ಧ ಟೆನ್ಶನ್ ಪಂಚಾಂಗದಲ್ಲೇ ಇರುತ್ತದೆ. ಆಷಾಢದ ಮಳೆ ಬಿಡದೆ ಹೊಡೆಯುವಾಗ ಅಡಿಕೆಗೆ ಕೊಳೆ ಬಂದೀತೆಂಬ ದಿಗಿಲು. ಕೊಳೆ ತಡೆಯುವ ಬೋರ್ಡೋ ಔಷಧಿ ಹೊಡೆಯಲು ಒಂದು ಹೊತ್ತಿನ ಬಿಸಿಲಿಗಾಗಿ ಜಗಲಿಯಲ್ಲಿ ಕೂತು ಕಾಯುವುದು. ಕೈಗೆ ಕೆಲಸವಿಲ್ಲ, ತಲೆಗೆ ಪುರುಸೊತ್ತಿಲ್ಲ, ಬಚ್ಚಲ ಒಲೆಯಲ್ಲಿ ಕೆಂಡ ಇದ್ದೇ ಇದೆ. ಬೀಡಿಗೆ ಇದಕ್ಕಿಂತ ಒಳ್ಳೆಯ ಜಾಗ ಯಾವುದು? ಆಮೇಲೆ ಕೊಯ್ಲು: ಮರ ಹತ್ತುವವರು ಹೇಳಿದ ದಿನ ಬರುವುದಿಲ್ಲ. ಆಮೇಲೆ ಮಂಡಿ: ನೀವು ಮಾಲು ಒಯ್ದ ವಾರವೇ ರೇಟು ಇಳಿಯುತ್ತದೆ. ಮಾರ್ಚ್ ಬಂತೆಂದರೆ ಸೊಸೈಟಿ ಸಾಲ, ಮಕ್ಕಳ ಪರೀಕ್ಷೆ.

ಪೇಟೆಯವರ ಪಟ್ಟಿ ಬೇರೆ. ರಾತ್ರಿ ಪಾಳಿ ಮುಗಿಸಿ ಬರುವ ಹೊತ್ತು, ತಿಂಗಳ ಕೊನೆಯ ಲೆಕ್ಕ, ಗಾಂಧಿ ಬಜಾರಿನ ಗದ್ದಲ ಮುಗಿದು ಶಟರ್ ಎಳೆದ ಮೇಲಿನ ಹತ್ತು ನಿಮಿಷ.

ಪಟ್ಟಿಯ ಕೊನೆಗೆ ಪಂಚಾಂಗದಲ್ಲಿಲ್ಲದ ಎರಡನ್ನು ಸೇರಿಸಿ: ಆಸ್ಪತ್ರೆ ಮತ್ತು ಸಾವಿನ ಮನೆ. ಬರೆಯಲು ಮನಸ್ಸು ಒಪ್ಪುವುದಿಲ್ಲ. ಆದರೂ ಬರೆಯಿರಿ. ನನಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಇವೆರಡರಿಂದಲೇ ಶುರುವಾದವು.

2. ಮೂರು ಜನರನ್ನು ಆರಿಸಿ

ಒಬ್ಬರು, ನಿಮಗಿಂತ ಮೊದಲೇ ಬಿಟ್ಟವರು. ಕನಿಷ್ಠ ಒಂದು ವರ್ಷವಾದರೂ ಆಗಿರಬೇಕು. ಒಂದು ಮಳೆಗಾಲ, ಒಂದು ಕೊಯ್ಲು ದಾಟಿದವರಿಗೆ ನಿಮ್ಮ ಕಷ್ಟ ವಿವರಿಸಿ ಹೇಳಬೇಕಾಗಿಲ್ಲ.

ಇನ್ನೊಬ್ಬರು, ನಿಮ್ಮ ಜೊತೆಯಲ್ಲೇ ಬಿಡುತ್ತಿರುವವರು ಅಥವಾ ಈಚೆಗೆ ಬಿಟ್ಟವರು. ಇವರಿಗೆ ನೀವೂ ಬೇಕು, ನಿಮಗೆ ಇವರೂ ಬೇಕು. ನಾನು ಕಂಡ ಹಾಗೆ, ಬೇರೆಯವರ ಫೋನ್ ಎತ್ತಬೇಕಾದ ದಿನ ತಾನು ಸೇದುವವರು ಕಡಿಮೆ.

ಮೂರನೆಯವರು, ನಡೆದು ಹೋಗುವಷ್ಟು ದೂರದಲ್ಲಿ ಇರುವವರು. ಸೇದದವರಾದರೂ ಸರಿ. ಯಾಕೆ ಎಂದು ನಾಲ್ಕನೇ ಹಂತದಲ್ಲಿ ಗೊತ್ತಾಗುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪುಗಳನ್ನು ಹೇಳಿಬಿಡುತ್ತೇನೆ. ಹೆಂಡತಿಯನ್ನು ಕಾವಲಿಗೆ ಹಾಕುವುದು ಒಂದು. ಆಮೇಲೆ ಅಂಗಿ ಮೂಸುವುದು, ಆಣೆ ಹಾಕಿಸುವುದು, ಸುಳ್ಳು ಹೇಳುವುದು, ಜಗಳ. ಮನೆಯವರಿಗೆ ವಿಷಯ ಗೊತ್ತಿರಲಿ, ಪೊಲೀಸ್ ಕೆಲಸ ಬೇಡ. ಈಗಲೂ ಸೇದುತ್ತಿರುವ ಜೀವದ ಗೆಳೆಯನನ್ನು ಆರಿಸುವುದು ಎರಡನೆಯದು. ಅವನು ಒಳ್ಳೆಯವನೇ ಇರಬಹುದು. ಆದರೆ ನಿಮ್ಮ ದುಃಖ ನೋಡಲಾಗದೆ ಅವನೇ ಒಂದು ಕೊಡುತ್ತಾನೆ. ಮೂರನೆಯದು ದೊಡ್ಡ ವಾಟ್ಸಾಪ್ ಗುಂಪು. ಮೂವತ್ತು ಜನರಿದ್ದರೆ ಗುಡ್ ಮಾರ್ನಿಂಗ್ ಚಿತ್ರ ಬರುತ್ತದೆ, ಮಂಡಿ ರೇಟು ಬರುತ್ತದೆ, ರಾತ್ರಿ ಹತ್ತು ಗಂಟೆಗೆ ‘ಸೇದಬೇಕು ಅನ್ನಿಸ್ತಿದೆ’ ಎಂದು ಹಾಕಿದರೆ ಯಾರೂ ನೋಡುವುದಿಲ್ಲ. ಐದಾರು ಜನ ಸಾಕು.

ಹೊಗೆಸೊಪ್ಪು ಹಾಕುವ ಹೆಂಗಸರೂ ಇದೇ ಪ್ರಶ್ನೆ ಕೇಳುತ್ತಾರೆ. ಅವರಿಗೂ ದಾರಿ ಇದೇ. ಮೂರು ಜನರಲ್ಲಿ ಇಬ್ಬರಾದರೂ ಹೆಂಗಸರೇ ಇದ್ದರೆ ಮಾತು ಸಲೀಸು.

3. ಏನು ಹೇಳಬೇಕು ಎಂಬುದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ

ಎಲ್ಲಕ್ಕಿಂತ ಮುಖ್ಯ ಹಂತ ಇದು. ಎಲ್ಲರೂ ಬಿಟ್ಟುಬಿಡುವ ಹಂತವೂ ಇದೇ. ‘ಏನಾದ್ರೂ ಬೇಕಾದ್ರೆ ಫೋನ್ ಮಾಡು ಮಾರಾಯ’ ಎಂದು ಹೇಳಿ ಎದ್ದು ಹೋಗುತ್ತಾರೆ. ಆ ದಿನ ಬಂದಾಗ ನಿಮಗೆ ಫೋನ್ ಮಾಡಲು ನಾಚಿಕೆ. ಮಾಡಿದರೂ ಅವರಿಗೆ ಏನು ಹೇಳಬೇಕೆಂದು ತಿಳಿಯುವುದಿಲ್ಲ, ಬುದ್ಧಿವಾದ ಶುರು ಮಾಡುತ್ತಾರೆ.

ಒಂದು ದಿನ ಎದುರು ಕೂತು ಕರಾರು ಮಾಡಿಕೊಳ್ಳಿ. ಫೋನ್ ಮಾಡುವವರು ಹೇಳಬೇಕಾದ್ದು ಒಂದೇ ವಾಕ್ಯ: ‘ಹತ್ತು ನಿಮಿಷ ಮಾತಾಡು.’ ಕಾರಣ ಹೇಳಬೇಕಾಗಿಲ್ಲ. ಈ ಮೂರು ಶಬ್ದ ಕೇಳಿದ ಕೂಡಲೇ ಆ ಕಡೆಯವರಿಗೆ ಅರ್ಥವಾಗಬೇಕು. ಪಕ್ಕದಲ್ಲಿ ನೆಂಟರಿದ್ದರೂ ಗುಟ್ಟಾಗಿ ಹೇಳಬಹುದಾದ ಮಾತು ಅದು.

ಫೋನ್ ಎತ್ತುವವರು ಮೂರು ಕೇಳಬೇಕು. ಎಲ್ಲಿದ್ದೀಯ? ಕೈಯಲ್ಲಿ ಇದೆಯಾ? ಅಲ್ಲಿಂದ ಎದ್ದು ನಡೆಯೋಕೆ ಆಗುತ್ತಾ? ಆಮೇಲೆ ಅವರು ನಡೆಯುತ್ತಿರುವಷ್ಟು ಹೊತ್ತು ಬೇರೆ ಏನಾದರೂ ಮಾತಾಡಿ. ನಾಯಿ ಮರಿ ಹಾಕಿದ್ದು, ಪಂಪ್‌ಸೆಟ್ ಸುಟ್ಟದ್ದು, ಏನೂ ಆಗಬಹುದು. ಅವರು ಅತ್ತರೆ ಅಳಲು ಬಿಡಿ.

ಎತ್ತುವವರು ಹೇಳಬಾರದ ಮಾತುಗಳೂ ಇವೆ. ‘ಇಷ್ಟು ದಿನ ಬಿಟ್ಟಿದ್ದು ದಂಡ ಆಗುತ್ತಲ್ವಾ’, ‘ಹೆಂಡ್ತಿ ಮಕ್ಕಳ ಮುಖ ನೋಡು’, ‘ನಂಗಂತೂ ಹಾಗೆಲ್ಲ ಅನ್ನಿಸಲೇ ಇಲ್ಲಪ್ಪ’. ಈ ಮೂರರಲ್ಲಿ ಒಂದು ಕೇಳಿದರೂ ಮುಂದಿನ ಸಲ ಆ ಮನುಷ್ಯ ಫೋನ್ ಮಾಡುವುದಿಲ್ಲ, ಸೀದಾ ಗೂಡಂಗಡಿಗೆ ಹೋಗುತ್ತಾನೆ.

ಹೊತ್ತಿನ ಬಗ್ಗೆಯೂ ಮಾತಾಡಿ. ರಾತ್ರಿ ಹನ್ನೊಂದರ ನಂತರ ಯಾರಿಗೆ ಮಾಡಬಹುದು? ಹಾಲು ಕರೆಯುವ ಹೊತ್ತಿನಲ್ಲಿ ಯಾರು ಎತ್ತುವುದಿಲ್ಲ? ಒಬ್ಬರು ಎತ್ತದಿದ್ದರೆ ಮುಂದಿನವರು ಯಾರು? ಇದನ್ನೆಲ್ಲ ಚೀಟಿಯಲ್ಲಿ ಬರೆದು ಮೊದಲು ಸಿಗರೇಟು ಇಡುತ್ತಿದ್ದ ಜೇಬಿನಲ್ಲೇ ಇಡಿ. ಕೈ ಅಭ್ಯಾಸಕ್ಕೆ ಅಲ್ಲಿಗೇ ಹೋಗುತ್ತದೆ.

ಇನ್ನೊಂದು. ಕಷ್ಟ ಇಲ್ಲದ ದಿನ ಒಂದು ಸಲ ಸುಮ್ನೆ ಫೋನ್ ಮಾಡಿ ಅಭ್ಯಾಸ ಮಾಡಿ. ನಗು ಬರುತ್ತದೆ, ಬರಲಿ. ಎರಡನೇ ಸಲ ನಾಚಿಕೆ ಅರ್ಧ ಹೋಗಿರುತ್ತದೆ.

4. ನೆಟ್‌ವರ್ಕ್ ಇಲ್ಲದ ದಿನಕ್ಕೆ ತಯಾರಿ

ಆಗುಂಬೆ ಕಡೆಯವರಿಗೆ, ಹೊಸನಗರದ ಒಳಗಿನ ಹಳ್ಳಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ಟವರ್ ಕೂಡ ಹೋಗುತ್ತದೆ. ಜೋರು ಮಳೆಯ ವಾರವೇ ನಿಮಗೆ ಆಸೆ ಜಾಸ್ತಿ, ಅದೇ ವಾರ ಫೋನ್ ಸತ್ತಿರುತ್ತದೆ. ನಡೆದು ಹೋಗುವಷ್ಟು ದೂರದ ಒಬ್ಬರು ಬೇಕೆಂದದ್ದು ಇದಕ್ಕೇ.

ಆ ಮನೆಗೆ ಮಳೆಗಾಲದಲ್ಲಿ ದಿನಾ ಒಂದು ಹೊತ್ತು ಹೋಗುವ ರೂಢಿ ಮಾಡಿಕೊಳ್ಳಿ. ಸಂಜೆ ಕತ್ತಲಾಗುವ ಮುಂಚಿನ ಹೊತ್ತು ಒಳ್ಳೆಯದು. ಏನೂ ಮಾತಾಡದೆ ಕಷಾಯ ಕುಡಿದು ಬಂದರೂ ಆಯಿತು. ನೀವು ಒಂದು ದಿನ ಬಾರದಿದ್ದರೆ ಅವರು ಕೊಡೆ ಹಿಡಿದು ನಿಮ್ಮ ಮನೆಗೆ ಬರಬೇಕು ಎಂಬುದೂ ಕರಾರಿನಲ್ಲಿರಲಿ. ಮನೆಯಲ್ಲಿ ಸಿಗ್ನಲ್ ಸಿಗುವ ಜಾಗ ಒಂದೇ ಇದ್ದರೆ, ಗುಡ್ಡದ ತುದಿಯೋ ಗೇಟಿನ ಕಂಬವೋ, ತುಡಿತ ಬಂದಾಗ ಅಲ್ಲಿಗೆ ನಡೆಯಿರಿ. ಅಷ್ಟು ನಡೆಯುವುದರಲ್ಲೇ ಐದು ನಿಮಿಷ ಕಳೆದಿರುತ್ತದೆ.

5. ಆ ಹತ್ತು ನಿಮಿಷದಲ್ಲಿ ಮಾಡುವುದು

ಎದ್ದು ಜಾಗ ಬದಲಿಸಿ. ನೀರು ಕುಡಿಯಿರಿ. ಬಾಯಿಗೆ ಏಲಕ್ಕಿ ಹಾಕಿ. ಮೂಗಿನಲ್ಲಿ ನಿಧಾನ ಉಸಿರೆಳೆದು, ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಬಾಯಿಂದ ಬಿಡಿ. ಸೇದುವಾಗ ಸಿಗುತ್ತಿದ್ದ ನೆಮ್ಮದಿಯಲ್ಲಿ ಒಂದು ಪಾಲು ಆ ಉದ್ದ ಉಸಿರಿನದೇ. ಇಷ್ಟರ ಮಧ್ಯೆ ಫೋನ್.

ಕಾಫಿ ಬಗ್ಗೆ ಎಚ್ಚರ. ಇದು ಹೆಚ್ಚಿನವರಿಗೆ ಗೊತ್ತಿಲ್ಲ. ಹೊಗೆಯಲ್ಲಿರುವ ಕೆಲವು ವಸ್ತುಗಳಿಂದ ಲಿವರ್ ಕೆಫೀನನ್ನು, ಅಂದರೆ ಕಾಫಿ ಟೀಯಲ್ಲಿ ಚುರುಕು ತರುವ ಅಂಶವನ್ನು, ಬೇಗ ಬೇಗ ಕರಗಿಸುತ್ತಿರುತ್ತದೆ. ಸೇದುವುದು ನಿಂತ ಮೇಲೆ ಅದೇ ಎರಡು ಲೋಟ ಕಾಫಿ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ರಾತ್ರಿ ನಿದ್ದೆ ಇಲ್ಲ. ನಾವು ಅದನ್ನೂ ಸಿಗರೇಟಿನ ಲೆಕ್ಕಕ್ಕೇ ಬರೆಯುತ್ತೇವೆ. ಬಿಟ್ಟ ಮೊದಲ ವಾರದಿಂದಲೇ ಕಾಫಿ ಅರ್ಧ ಮಾಡಿ.

ಮಾತ್ರೆಗಳಿಗೂ ಇದೇ ಮಾತು. ಮಾನಸಿಕ ಕಾಯಿಲೆಯ ಕೆಲವು ಔಷಧಿ ಮತ್ತು ಉಬ್ಬಸದ ಕೆಲವು ಮಾತ್ರೆಗಳ ಪ್ರಮಾಣ ರಕ್ತದಲ್ಲಿ ಏರಬಹುದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರಿಗೂ ಡೋಸ್ ಬದಲಿಸಬೇಕಾಗಬಹುದು. ಸೇದುವುದು ಬಿಟ್ಟಿದ್ದೇನೆ ಎಂದು ನಿಮ್ಮ ಡಾಕ್ಟರಿಗೆ ಹೇಳಿ.

ಹಾಗೆಯೇ, ಸಿಗರೇಟಿನ ಬದಲು ಕವಳ, ಅಂದರೆ ಎಲೆ ಅಡಿಕೆ, ಹಾಕಿ ಮನಸ್ಸು ತಿರುಗಿಸಬೇಡಿ. ಹೊಗೆಸೊಪ್ಪು ಇದ್ದರೆ ನಿಕೋಟಿನ್ ಬೇರೆ ದಾರಿಯಿಂದ ಬಂತು, ಅಷ್ಟೇ. ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅಡಿಕೆ ಬೆಳೆಯುವ ಊರಿನಲ್ಲಿ ಇದನ್ನು ಹೇಳಿದರೆ ಬೈಗುಳ ಬರುತ್ತದೆ, ಗೊತ್ತು. ಬೆಳೆಯುವುದರ ವಿಷಯ ಬೇರೆ, ಬಾಯಿಗೆ ಹಾಕುವುದರ ವಿಷಯ ಬೇರೆ. ಸಿಗರೇಟಿನಿಂದ ಬೀಡಿಗೆ ಇಳಿದರೂ ಲಾಭವಿಲ್ಲ. ಬೀಡಿ ಆರದಂತೆ ಮತ್ತೆ ಮತ್ತೆ ಎಳೆಯಬೇಕು, ಹೊಗೆ ಒಳಗೆ ಹೋಗುವುದು ಕಡಿಮೆಯೇನಲ್ಲ. ಇ-ಸಿಗರೇಟಿನ ಮಾರಾಟಕ್ಕಂತೂ 2019ರಿಂದ ದೇಶದಲ್ಲಿ ನಿಷೇಧವಿದೆ.

6. ಗಮ್ ಬೇಕಿದ್ದರೆ ಸರಿಯಾಗಿ ಬಳಸಿ

ನಿಕೋಟಿನ್ ಗಮ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. 2 ಮಿಲಿಗ್ರಾಂ, 4 ಮಿಲಿಗ್ರಾಂ ಎಂದು ಎರಡು ಬಗೆ. ಎದ್ದ ಅರ್ಧ ಗಂಟೆಯೊಳಗೆ ಸೇದಲೇಬೇಕಾದಂಥವರಿಗೆ 4 ಬೇಕಾಗಬಹುದು, ಅದನ್ನು ಡಾಕ್ಟರ್ ಹೇಳಲಿ. ‘ಕೆಲಸ ಮಾಡಲಿಲ್ಲ’ ಎನ್ನುವವರಲ್ಲಿ ಹೆಚ್ಚಿನವರು ಬಬಲ್ ಗಮ್ ಹಾಗೆ ಒಂದೇ ಸಮ ಜಗಿದವರು. ಹಾಗೆ ಮಾಡಿದರೆ ನಿಕೋಟಿನ್ ಎಂಜಲಿನ ಜೊತೆ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಹೊಟ್ಟೆ ತೊಳಸುವುದು ಶುರುವಾಗುತ್ತದೆ.

ನಿಧಾನ ಜಗಿಯಿರಿ. ನಾಲಿಗೆ ಚುರುಗುಟ್ಟಿದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ಒಸಡಿನ ನಡುವೆ ಒತ್ತರಿಸಿ ಇಡಿ. ಚುರುಕು ಹೋದ ಮೇಲೆ ಮತ್ತೆ ನಾಲ್ಕು ಸಲ ಜಗಿದು ಇನ್ನೊಂದು ಕಡೆ ಇಡಿ. ಹೀಗೆ ಅರ್ಧ ಗಂಟೆ. ಹಾಕಿಕೊಳ್ಳುವ 15 ನಿಮಿಷ ಮೊದಲು ಮತ್ತು ಬಾಯಲ್ಲಿರುವಷ್ಟು ಹೊತ್ತು ಕಾಫಿ, ಹುಳಿ ಪಾನಕ ಬೇಡ. ಗರ್ಭಿಣಿಯರು, ಈಚೆಗೆ ಹೃದಯಾಘಾತ ಆದವರು ಕೇಳದೆ ಬಳಸಬಾರದು. ಚರ್ಮಕ್ಕೆ ಅಂಟಿಸುವ ಪ್ಯಾಚ್, ಡಾಕ್ಟರ್ ಬರೆದುಕೊಟ್ಟರೆ ಮಾತ್ರ ಸಿಗುವ ವ್ಯಾರೆನಿಕ್ಲಿನ್, ಬುಪ್ರೊಪಿಯಾನ್ ಮಾತ್ರೆಗಳೂ ಇವೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೋ ನಿಮ್ಮ ತಾಲೂಕು ಆಸ್ಪತ್ರೆಯಲ್ಲೋ ಕೇಳಿ.

7. ಆಸ್ಪತ್ರೆ, ಸಾವಿನ ಮನೆ, ಪಾರ್ಟಿ

ಆಸ್ಪತ್ರೆಗೆ ಹೊರಡುವಾಗ ಬಟ್ಟೆ, ಆಧಾರ್ ಕಾರ್ಡ್ ಜೊತೆ ಆ ಡಬ್ಬಿಯನ್ನೂ ಚೀಟಿಯನ್ನೂ ಬ್ಯಾಗಿಗೆ ಹಾಕಿ. ಹೊರಟ ಕೂಡಲೇ ಮೂವರಲ್ಲಿ ಒಬ್ಬರಿಗೆ ತಿಳಿಸಿ: ‘ಇವತ್ತು ರಾತ್ರಿ ಇಲ್ಲೇ ಇರ್ತೀನಿ.’ ಅವರು ಎರಡು ಮೂರು ಗಂಟೆಗೊಮ್ಮೆ ತಾವಾಗಿಯೇ ಫೋನ್ ಮಾಡಲಿ. ರೋಗಿಯ ಚಿಂತೆಯಲ್ಲಿ ನಿಮಗೆ ನೆನಪಿರುವುದಿಲ್ಲ. ಟೀ ಬೇಕಾದರೆ ಒಳಗಿನ ಕ್ಯಾಂಟೀನಿಗೆ ಹೋಗಿ. ಗೇಟಿನ ಹೊರಗಿನ ಟೀ ಅಂಗಡಿಯ ಸುತ್ತ ನಿಂತವರು ಎಲ್ಲರೂ ನಿಮ್ಮ ಹಾಗೇ ಕಂಗಾಲಾದವರು, ಅವರ ಜೇಬಿನಲ್ಲಿ ಪ್ಯಾಕ್ ಇರುತ್ತದೆ.

ಸಾವಿನ ಮನೆಯಲ್ಲಿ ಕಷ್ಟ ಇನ್ನೂ ಹೆಚ್ಚು. ಕೊಡುವವರು ಪ್ರೀತಿಯಿಂದಲೇ ಕೊಡುತ್ತಾರೆ. ‘ಒಂದು ಎಳಿ, ಸಮಾಧಾನ ಆಗುತ್ತೆ.’ ಅಂಥ ಹೊತ್ತಿನಲ್ಲಿ ವಾದ ಮಾಡಲು ಯಾರಿಗೂ ಆಗುವುದಿಲ್ಲ. ‘ಡಾಕ್ಟರ್ ಬೇಡ ಅಂದಿದ್ದಾರೆ’ ಎಂದುಬಿಡಿ. ಆ ಮಾತಿಗೆ ನಮ್ಮಲ್ಲಿ ಎದುರು ಮಾತಿಲ್ಲ. ಸಾಧ್ಯವಿದ್ದರೆ ಜೊತೆಗಾರರಲ್ಲಿ ಒಬ್ಬರು ಅಲ್ಲಿಗೇ ಬಂದು ನಿಮ್ಮ ಪಕ್ಕ ನಿಲ್ಲಲಿ. ಹದಿಮೂರು ದಿನವೂ ದಿನಕ್ಕೊಂದು ಸಲ ಯಾರಾದರೂ ವಿಚಾರಿಸಲಿ. ನನಗೆ ಗೊತ್ತಿರುವ ಹಾಗೆ ಜಾರುವುದು ಮೊದಲ ದಿನವಲ್ಲ, ನೆಂಟರೆಲ್ಲ ಹೊರಟು ಮನೆ ಖಾಲಿಯಾದ ದಿನ.

ಕುಡಿತವಂತೂ ನೇರ ಸಿಗರೇಟಿಗೇ ಕರೆದೊಯ್ಯುತ್ತದೆ. ಮೊದಲ ಕೆಲವು ತಿಂಗಳು ಅಂಥ ಕೂಟಕ್ಕೆ ಹೋಗಲೇಬೇಡಿ.

8. ಜೊತೆಗಾರರಿಂದ ಆಗದ್ದು

ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲೂ ಮನಸ್ಸಿಲ್ಲ, ಊಟ ನಿದ್ದೆ ಇಲ್ಲ ಎಂದರೆ ಡಾಕ್ಟರ್ ಬೇಕು. ಬದುಕುವುದೇ ಬೇಡ ಎನ್ನಿಸಿದರೆ ಎರಡು ವಾರ ಕಾಯಬಾರದು. 14416, ಇದು ಟೆಲಿ-ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. ಈ ನಂಬರನ್ನೂ ಚೀಟಿಯಲ್ಲಿ ಬರೆದಿಡಿ. ನಿಮ್ಮ ಜೊತೆಗಾರ ಅಂಥ ಮಾತಾಡಿದರೆ ‘ಹಾಗೆಲ್ಲ ಯೋಚನೆ ಮಾಡಬೇಡ’ ಎಂದು ಬಾಯಿ ಮುಚ್ಚಿಸಬೇಡಿ. ಪಕ್ಕದಲ್ಲೇ ಕೂತು ನೀವೇ ನಂಬರ್ ಒತ್ತಿ ಕೊಡಿ.

ತಂಬಾಕು ಬಿಡುವುದಕ್ಕೆಂದೇ ಇರುವ ಕ್ವಿಟ್‌ಲೈನ್ ನಂಬರ್ 1800-11-2356. ಸಿಗರೇಟು ಪ್ಯಾಕಿನ ಮೇಲೆ 2018ರಿಂದ ಇದು ಅಚ್ಚಾಗುತ್ತಿದೆ. ಇಷ್ಟು ವರ್ಷ ಕೈಯಲ್ಲಿ ಹಿಡಿದೂ ನಾವು ಓದಿಲ್ಲ ಅಲ್ವಾ? ಬೆಂಗಳೂರಿನ ನಿಮ್ಹಾನ್ಸ್ ಕೂಡ ಈ ಸೇವೆಯ ಒಂದು ಕೇಂದ್ರ, ಹಾಗಾಗಿ ಕನ್ನಡಕ್ಕೆ ತೊಂದರೆಯಿಲ್ಲ. ಬೆಳಗ್ಗೆ 8ರಿಂದ ರಾತ್ರಿ 8, ಸೋಮವಾರ ರಜೆ.

9. ಜಾರಿದರೆ

ಒಂದು ಸೇದಿದಿರಿ ಎಂದಿಟ್ಟುಕೊಳ್ಳಿ. ಒಂದು ಸೇದಿದ್ದಕ್ಕೂ ಮತ್ತೆ ದಿನಕ್ಕೆ ಹತ್ತಕ್ಕೆ ಹೋದದ್ದಕ್ಕೂ ನಡುವೆ ಕೆಲವು ದಿನಗಳಿರುತ್ತವೆ. ಆ ದಿನಗಳಲ್ಲಿ ನಾಚಿಕೆಯಿಂದ ಜೊತೆಗಾರರ ಫೋನ್ ಎತ್ತದೆ ಇರುವುದೇ ದೊಡ್ಡ ಅಪಾಯ. ನನ್ನ ಎರಡನೇ ಸಲ ಹಾಗೇ ಆಯಿತು. ಹಾಲಿನ ಡೇರಿಯ ಹತ್ತಿರ ಗೆಳೆಯ ಕಂಡರೆ ಬೇರೆ ದಾರಿ ಹಿಡಿಯುತ್ತಿದ್ದೆ.

ಆ ದಿನವೇ ಹೇಳಿ. ಕೇಳುವವರು ‘ಎಷ್ಟು? ಎಲ್ಲಿ? ಪ್ಯಾಕ್ ತಗೊಂಡ್ಯಾ, ಬಿಡಿಯಾ?’ ಎಂದಷ್ಟೇ ಕೇಳಲಿ. ಉತ್ತರವನ್ನು ಮೊದಲ ಹಂತದ ಪಟ್ಟಿಗೆ ಸೇರಿಸಿ, ನಿಮ್ಮ ಪಟ್ಟಿಯಲ್ಲಿ ಇಲ್ಲದ ಜಾಗ ಒಂದು ಸಿಕ್ಕಿತು. ‘ಹೇಗೂ ಹಾಳಾಯ್ತು, ಯುಗಾದಿಯಿಂದ ಮತ್ತೆ ಬಿಡೋಣ’ ಎಂದು ಮುಹೂರ್ತ ಇಡಬೇಡಿ. ಮುಂದಿನದನ್ನು ಸೇದದಿದ್ದರೆ ಮುಗಿಯಿತು.

ಪ್ಯಾಕ್ ಉಳಿದಿದ್ದರೆ ಜೊತೆಗಾರರ ಎದುರಿಗೇ ಒಂದೊಂದನ್ನೂ ಮುರಿದು ಬಕೆಟ್ ನೀರಿಗೆ ಹಾಕಿ. ಬಚ್ಚಲ ಒಲೆಗೆ ಮಾತ್ರ ಹಾಕಬೇಡಿ. ಆ ವಾಸನೆ ಮನೆಯೆಲ್ಲ ಹರಡಿ, ಸ್ನಾನಕ್ಕೆ ಹೋದವರು ಅಲ್ಲೇ ನಿಂತುಬಿಡುತ್ತೀರಿ.